ರಾಯಪ್ಪನ ಹಣೆ

ಆರರ ಕನ್ನಡ ಪೂಜೆ ಮುಗಿಸಿ ಬಂದೆ.
ಹೋದ ವರ್ಷದ ಒಣಗರಿ ಸುಟ್ಟು
ಉಪದೇಶಿ ಅಂತೋಣಪ್ಪ ಟೀ ಜರಡಿಯಲ್ಲಿ ಸೋಸಿದ ಬೂದಿ
ಹಣೆಯ ಮೇಲೆ, ಹುಬ್ಬಿಗೂ ಒಂದಿಷ್ಟು ಉದುರಿ.
ಮಣ್ಣು ನೀನು, ಮಣ್ಣಿಗೇ ಮರಳುವೆ ಅಂದರು ಸ್ವಾಮಿಗಳು,
ಸಾಲು ಉದ್ದವಿತ್ತು, ಬೇಗ ಬೇಗ.

ಲಿಂಗರಾಜಪುರದ ಮೇಲ್ಸೇತುವೆ ಕೆಳಗೆ
ಇಡ್ಲಿ ಕಟ್ಟಿಸಿಕೊಳ್ಳುವಾಗ
ವಾರ್ಡಿನ ಹುಡುಗ, ಹೆಗಲಿಗೆ ಶಾಲು, ಕಂಕುಳಲ್ಲಿ ಕರಪತ್ರ,
ನನ್ನ ಹಣೆ ನೋಡಿದ. ಕೈ ಮುಗಿದ.
"ಹೆಸ್ರು ಯಜಮಾನ್ರೇ?"
"ರಾಯಪ್ಪ."
"ನಮ್ಮೋರೇ ಬಿಡಿ."
ಆಮೇಲೆ ದನಿ ತಗ್ಗಿಸಿ,
"ಈ ಕಡೆ ಅವ್ರು ಜಾಸ್ತಿ ಆಗ್ಬಿಟ್ಟವ್ರೆ,
ನಾವು ಸ್ವಲ್ಪ ಹುಷಾರಾಗಿರ್ಬೇಕು."

ಅವರು ಅಂದರೆ ನಾನು.
ಚಟ್ನಿ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದರು.
ದಾರವನ್ನೇ ನೋಡಿದೆ.

ಹೇಳಬಹುದಿತ್ತು:
ಪೇತ್ರ ಅಂದರೆ ಬಂಡೆ, ಬಂಡೆಗೆ ತೆಲುಗಿನಲ್ಲಿ ರಾಯಿ,
ಯಾವನೋ ಪರದೇಶದ ಪಾದ್ರಿ ಆ ರಾಯಿಗೊಬ್ಬ ಅಪ್ಪನನ್ನು ಅಂಟಿಸಿ
ನಮ್ಮ ಮುತ್ತಾತನ ನೆತ್ತಿಗೆ ನೀರು ಹೊಯ್ದ ಅಂತ.
ಹಾಗೇ ಇಗ್ನೇಷಿಯಸ್ ಇನ್ನಾಸಪ್ಪನಾದ,
ಕ್ಸೇವಿಯರ್ ಚೌರಪ್ಪನಾದ.
ಹೊಲದಲ್ಲಿ ಕೂಗಿದರೆ ಎತ್ತೂ ತಿರುಗಿ ನೋಡುವ ಹೆಸರುಗಳು.
ಗರಿಯ ಭಾನುವಾರದ ಕಥೆ ಬಲ್ಲವರಿಗೆ ಗೊತ್ತು,
ಬಂಡೆ ಅನ್ನಿಸಿಕೊಂಡವನೇ
ಚಳಿ ಕಾಯಿಸುತ್ತ, ನಾನವನಲ್ಲ ಅಂದದ್ದು.

ತಾಲ್ಲೂಕು ಕಚೇರಿಯಲ್ಲೂ ಹೀಗೇ ಆಗಿತ್ತು.
ಅಲ್ಲಿ ನನ್ನ ತಮ್ಮ ಇನ್ನಾಸಪ್ಪನಲ್ಲ, ಮುನಿವೆಂಕಟ.
ಚರ್ಚಿನ ದಫ್ತರದಲ್ಲೊಬ್ಬ, ಜಾತಿ ಸರ್ಟಿಫಿಕೇಟಿನಲ್ಲೊಬ್ಬ,
ಒಂದೇ ಅಂಗಿಯೊಳಗೆ ಇಬ್ಬರೂ ಬೆವರುತ್ತಾರೆ.
ಧರ್ಮ? ಅಂದ ಗುಮಾಸ್ತ.
ಸಾಕ್ಷಿಗೆ ಹೋದ ನಾನು ಗೋಡೆಯಲ್ಲಿ ಗಂಟೆ ಎಷ್ಟೆಂದು ನೋಡಿದೆ.
ಬಾವಿಯ ಹತ್ತಿರ ಬಿಡದಿದ್ದಾಗ
ಯಾವ ದೇವರಿಗೆ ಮಂಡಿಯೂರುತ್ತೀರಿ ಅಂತ ಯಾರೂ ಕೇಳಿರಲಿಲ್ಲ,
ಸೀಟು ಕೇಳಿದ ಮೇಲೆ ಕೇಳುತ್ತಾರೆ.

ಮೂರನೆಯದೂ ಒಂದಿದೆ. ಹೇಳುವುದಿಲ್ಲ.

ಕ್ರೈಸ್ತರ ಓಟು ಹನ್ನೊಂದು ಸಾವಿರ ಅಂತ
ಎರಡೂ ಪಕ್ಷದವರ ನೋಟ್‌ಬುಕ್ಕಿನಲ್ಲಿದೆಯಂತೆ.
ಎಣಿಸಿದವನಿಗೆ ಶರಣು.
ಮಲಯಾಳಿಗಳಿಗೆ ಬೇರೆ ಬಿಷಪ್ಪು, ಬೇರೆ ಪಾರ್ಕಿಂಗು.
ಹೆಣ್ಣೂರಿನ ಶೀಟು ಮನೆಯಲ್ಲಿ ಡ್ರಮ್ಮು ಬಾರಿಸುವ ನನ್ನ ಷಡ್ಡಕ
ನಮ್ಮ ಮಾತೆಯನ್ನು ಗೊಂಬೆ ಅನ್ನುತ್ತಾನೆ.
ದೇವರನ್ನು ಯಾವ ಭಾಷೆಯಲ್ಲಿ ಕರೆಯಬೇಕೆಂಬ ಜಗಳದಲ್ಲಿ
ಚಿನ್ನಪ್ಪ ಮಾವನ ಹಣೆಗೆ ಆರು ಹೊಲಿಗೆ;
ಹೊಡೆದದ್ದು ಅರುಳ್‌ದಾಸ, ಮೇಣದಬತ್ತಿಯ ಸ್ಟ್ಯಾಂಡಿನಿಂದ.
ಮೂವತ್ತು ವರ್ಷವಾಯಿತು.
ಇವರ ಪೂಜೆ ಬಿಟ್ಟು ಅವರ ಪೂಜೆ ಕೂಡುವಾಗ
ಬಾಗಿಲಲ್ಲಿ ಈಗಲೂ ಭುಜ ತಾಗದಂತೆ ಸರಿಯುತ್ತೇವೆ.
ಹನ್ನೊಂದು ಸಾವಿರ, ಒಂದೇ ಮೂಟೆ!

ಕಳೆದ ಭಾನುವಾರ ಅಭ್ಯರ್ಥಿಯೇ ಬಂದಿದ್ದ.
ಪರಮಪ್ರಸಾದದ ಸಾಲಿನಲ್ಲಿ ನಿಂತು
ತೀರ್ಥಕ್ಕೆ ಹಿಡಿದ ಹಾಗೆ ಬೊಗಸೆ ಹಿಡಿದ.
ಅಂತೋಣಪ್ಪ ಕಿವಿಯಲ್ಲೇನೋ ಅಂದ; ಅವನು ನಾಚಿ ಬದಿಗಾದ.
ಆ ನಾಚಿಕೆಗೆ ನನ್ನ ಓಟು ಹಾಕಿಬಿಡುತ್ತಿದ್ದೆ.
ಹೊರಗೆ ಬಂದು ಸಮಾಧಿಗೆ ಕಾಂಪೌಂಡು ಕಟ್ಟಿಸುತ್ತೇನೆ ಅಂದ.
ಮತಾಂತರದ ಕಾಯ್ದೆ ಏನಾಯಿತು ಸ್ವಾಮಿ ಅಂದರೆ
ಅವನಿಗೊಂದು ಫೋನು ಬಂತು.

ಪಕ್ಕದ ಕೋಳಿ ಅಂಗಡಿಯಲ್ಲಿ ಗಿರಾಕಿಯಿಲ್ಲ,
ಇವತ್ತು ನಮ್ಮವರು ತಿನ್ನುವುದಿಲ್ಲ.
ಪಂಜರದ ಹುಂಜ ನನ್ನನ್ನು ನೋಡಿತು. ಕೂಗಲಿಲ್ಲ.

ಅಷ್ಟರಲ್ಲಿ ಬಂದ ಚಿನ್ನಪ್ಪ ಮಾವ, ಗಾಯದ ಗುರುತಿನ ಮೇಲೆ ಬೂದಿ.
ಹುಡುಗ ಮತ್ತೆ ಕೈ ಮುಗಿದ.
"ನಮ್ಮೋರಾ ತಾತ?"
"ಕ್ರಿಸ್ತುವ ಕಣಪ್ಪಾ, ಕೊಡು ಪೇಪರು, ಓದ್ತೀನಿ."
ಇಡ್ಲಿಯವನೂ ತಲೆಯೆತ್ತಿದ.
ನನ್ನ ಕಿವಿ ಬಿಸಿಯಾಯಿತು.

ಎದುರಿಗೆ ಅರುಳ್‌ದಾಸ, ಏಳೂವರೆಯ ತಮಿಳು ಪೂಜೆಗೆ,
ಕೋಲೂರಿಕೊಂಡು, ಬರೀ ಹಣೆ.
ದಾರಿ ಕಿರಿದು, ಮೆಟ್ರೋದವರು ಅಗೆದಿದ್ದಾರೆ.
ಇಬ್ಬರೂ ನಿಂತರು.
"ಬೂದಿ ಇನ್ನೂ ಇದೆಯಾ?"
"ಬೇಕಾದಷ್ಟಿದೆ, ಹೋಗು."