ಲೆಕ್ಕ ಚುಕ್ತಾ

ಮಾರ್ಚಿ ಕೊನೆಯ ಶುಕ್ರವಾರ ರಾಜೀನಾಮೆ ಕೊಟ್ಟೆ.
ಒಂಬತ್ತು ವರ್ಷಕ್ಕೆ ಒಂದೇ ವಾಕ್ಯ.
ಕಾರಣ ಬರೆಯಬೇಕೆ ಎಂದೆ. ಬೇಡ ಎಂದರು.
ಬರೆದಿದ್ದರೆ ಮಣಿಕಟ್ಟು ಎಂದಷ್ಟೇ ಬರೆಯುತ್ತಿದ್ದೆ:
ನಿಮಿಷಕ್ಕೆ ಹದಿನಾಲ್ಕು ನೀಲಿಕಲ್ಲು ಬಿಡಿಸಿ ಬಿಡಿಸಿ
ಈಗ ಮನೆಯ ಚಿಲಕಕ್ಕೂ ಬಾಗದ ಬಲಗೈ.

ಬರಬೇಕಾದದ್ದು ಹದಿನೇಳು ದಿನದ ಸಂಬಳ,
ಉಳಿದುಹೋದ ಇಪ್ಪತ್ತಮೂರು ದಿನದ ರಜೆ,
ಮತ್ತೆ ಚಳಿಗಾಲದ ರಾತ್ರಿಪಾಳಿಗಳ ದುಡ್ಡು.
"ಎಲ್ಲಾ ಸೇರಿಸಿ ಒಟ್ಟಿಗೇ ಕೊಡ್ತೀವಿ, ಉಬರ್ಲಿಂಡಾ,
ನಾಳೆ ಬಾ."

ನಾಳೆ ಹೋದೆ.
ನಾಳೆ ಅಂದರೆ ಇವತ್ತಲ್ಲ ಎಂದಳು ಕಿಟಕಿಯ ಹುಡುಗಿ.
ಮರುವಾರ ಲೆಕ್ಕಿಗ ಪುಯೆರ್ತೊ ಮೊಂತ್‌ಗೆ ಹೋಗಿದ್ದ.
ಅದರ ಮರುವಾರ ಯಜಮಾನರ ಸಹಿ ಬಾಕಿ,
ಯಜಮಾನರಿಗೆ ಹಲ್ಲುನೋವು.
ಬಾಗಿಲ ಮೇಲಿನ ಬರಹ ಓದಿ ಓದಿ
ತಲೆಯಾಡಿಸಿ ಹಿಂದಿರುಗುವ, ಅಕ್ಷರ ಕಲಿತ ದೆವ್ವದ ಹಾಗೆ
ಕೆಯ್ಯೋನ್ ಬಂದರಿನ ಏರು ಹತ್ತಿ ಇಳಿದೆ, ಆರು ಸಲ.

ಏಳನೆಯ ಸಲ ಲೆಕ್ಕಿಗ ಸಿಕ್ಕಿದ.
ಕಾಗದವನ್ನು ನನ್ನ ಕಡೆ ತಿರುಗಿಸಿದ.
ಗಂಬೂಟು ಒಂದು ಜೊತೆ, ಕಡಿತ.
ಏಪ್ರನ್, ಕಡಿತ.
ಚಾಕು, ಹಿಂದಿರುಗಿಸಿಲ್ಲ, ಕಡಿತ.
ಗಂಬೂಟಿನ ಅಟ್ಟೆ ಎರಡು ವರ್ಷದ ಹಿಂದೆಯೇ ಬಾಯಿಬಿಟ್ಟಿತ್ತು.
ನಾನು ಬಿಡಲಿಲ್ಲ. ಸಾಲುಗಳ ಮೇಲೆ ಬೆರಳಾಡಿಸಿದೆ.
ರಾತ್ರಿಪಾಳಿ ಎಂಬ ಸಾಲೇ ಇಲ್ಲ.
"ಯಾವ ರಾತ್ರಿ?" ಎಂದ,
ಹುಟ್ಟಿದಂದಿನಿಂದ ಕತ್ತಲೆ ಕಾಣದವನಂತೆ.

ಬಿಡೇ, ಎಂದ ತಮ್ಮ ಅರ್ತೇಮಿಯೊ, ಬಲೆ ಹೊಲಿಯುತ್ತ.
ಕೊಟ್ಟವರು ಕೋಡಂಗಿ. ಈ ಗಾದೆಗೆ ಪಾಸ್‌ಪೋರ್ಟು ಬೇಡ,
ಎಲ್ಲ ದೇಶದಲ್ಲೂ ಇದೆ.
ನಾನೇನು ಸಾಲ ಕೊಟ್ಟಿದ್ದೆನೆ, ಅರ್ತೇಮಿಯೊ?

ಅಡಿಗೆಮನೆಯ ಗೋಡೆಗೆ ಉಬ್ಬರವಿಳಿತದ ಕ್ಯಾಲೆಂಡರು.
ಕಡಲು ಏರುವ ಹೊತ್ತು, ಇಳಿಯುವ ಹೊತ್ತು,
ಅಂಚಿನಲ್ಲಿ ನನ್ನ ಪೆನ್ಸಿಲ್ಲಿನ ಗೀಟು,
ರಾತ್ರಿಗೊಂದು. ಪಕ್ಕದಲ್ಲಿ ಎಷ್ಟು ಕಿಲೊ.
ಯಾಕೆ ಹಾಕಿಟ್ಟೆನೋ, ಯಾರಿಗೂ ತೋರಿಸಲು ಅಲ್ಲ.
ಅಮ್ಮ ಕೋಳಿಮೊಟ್ಟೆಯ ಲೆಕ್ಕ ಹೀಗೇ ಇಡುತ್ತಿದ್ದಳು.
ಮೊಳೆಯ ಸಮೇತ ಕಿತ್ತುಕೊಂಡು ಕಾಸ್ತ್ರೊ ಬಸ್ಸು ಹತ್ತಿದೆ.

ಕಾರ್ಮಿಕ ಕಚೇರಿಯ ಜವಾನ ಪಡಸಾಲೆಗೆ ಬಂದು
ಎವರಿಸ್ತೊ ಬರ್ರಿಯಾ ಎಂದು ಮೂರು ಸಲ ಕೂಗಿದ.
ಕುರ್ಚಿ ಬಂದಿತ್ತು, ಬರ್ರಿಯಾ ಬಂದಿರಲಿಲ್ಲ.
ಎರಡನೆಯ ವಾಯಿದೆಗೆ ಸೋದರಳಿಯನನ್ನು ಕಳಿಸಿದರು,
ಹೊಸ ಜಾಕೆಟ್ಟು, ಜೇಬಿನಲ್ಲಿ ಚೆಕ್ಕು.
ನೆಗಡಿಯಾಗಿದ್ದ ಅಧಿಕಾರಿಣಿ ಮೂಗೊರೆಸಿಕೊಳ್ಳುತ್ತ
ಗೀಟುಗಳನ್ನೆಣಿಸಿದಳು. ನಲವತ್ತೊಂದು.
"ಗೀಟು ಯಾರು ಬೇಕಾದರೂ ಎಳೀಬಹುದು."
"ನಿಮ್ಮ ಹಾಜರಿ ಪುಸ್ತಕ?"
"ಇಲಿ ತಿಂದಿದೆ."
ಎಷ್ಟು ಸಲ ತಿಂದಿದೆಯೋ ಆ ಇಲಿ! ಅವಳು ತಲೆ ಎತ್ತಲೂ ಇಲ್ಲ.

ಸಂಬಳ ಬಂತು. ರಜೆಯ ದುಡ್ಡು ಬಂತು.
ಗಂಬೂಟಿನ ಕಡಿತಕ್ಕೆ ಅಡ್ಡಗೆರೆ ಬಿತ್ತು.
ರಾತ್ರಿಗಳಿಗೆ ಕೋರ್ಟು, ಸೆಪ್ಟೆಂಬರಿಗೆ.
ಲೆಕ್ಕ ಚುಕ್ತಾ, ಇನ್ನೇನೂ ಬಾಕಿಯಿಲ್ಲ ಎಂದು
ಮೊದಲೇ ಅಚ್ಚಾಗಿದ್ದ ಕಾಗದದ ಅಡಿಯಲ್ಲಿ
ನನಗೆ ಬಿಟ್ಟಿದ್ದು ಹೆಬ್ಬೆರಳಗಲದ ಜಾಗ.
ಕೈಯಲ್ಲಿ ಬರೆಯಬಹುದು, ಅದು ನಿಮ್ಮ ಹಕ್ಕು ಎಂದಳು ಅಧಿಕಾರಿಣಿ.
ಬರೆದೆ. ಜಾಗ ಸಾಲದೆ ಅಂಚಿಗೆ ಹತ್ತಿಸಿದೆ,
ಮಣಿಕಟ್ಟು ನೋಯುವಷ್ಟೂ ನಿಧಾನವಾಗಿ:
ನಲವತ್ತೊಂದು ರಾತ್ರಿಗಳನ್ನು ಬಿಟ್ಟುಕೊಡದೆ
ಸಹಿ ಮಾಡಿದ್ದೇನೆ.
ಅಳಿಯ ಗಡಿಯಾರ ನೋಡಿಕೊಂಡ.

ನಿನ್ನೆ ಒತಿಲಿಯಾ ಬಂದಿದ್ದಳು, ಪಾಳಿಗೆ ಹೊರಟವಳು.
ಕೂರಲಿಲ್ಲ. "ಆ ಮಾತು ಹೇಗೆ ಬರೆದೆ?
ಅಕ್ಷರ ತಪ್ಪಿದರೆ ನಡೆಯಲ್ಲವಂತೆ."
ಬರೆದುಕೊಟ್ಟೆ, ರಾತ್ರಿಗಳ ಸಂಖ್ಯೆಯ ಜಾಗ ಖಾಲಿ ಬಿಟ್ಟು.
ಯಾವಾಗ ಬಿಡ್ತೀಯ ಎಂದೆ.
ಈಗಲ್ಲ, ಡಿಸೆಂಬರ್ ಕಳೀಲಿ, ಹುಡುಗನ ಫೀಸಿದೆ
ಎಂದು ಚೀಟಿಯನ್ನು ಮಡಿಸಿ ಗಂಬೂಟಿನೊಳಗೆ ತುರುಕಿದಳು.
ಬಾಗಿಲವರೆಗೆ ಹೋದವಳು ಮತ್ತೆ ತಿರುಗಿ
ಪೆನ್ಸಿಲ್ ಇದೆಯೇನೇ ಎಂದಳು.
ಇತ್ತು. ಮೊಂಡಾಗಿತ್ತು.
ಒಳಗೆ ಹೋಗಿ, ಹಿಂದಿರುಗಿಸದ ಆ ಚಾಕು ತಂದೆ.