ಮುನ್ನೂರಾ ಹದಿನೆಂಟನೇ ಪೀಳಿಗಿ

ನಿಯಮ ನಾನೇ ಬರದದ್ದು, ಒಂದೇ ಸಾಲು:
ಹತ್ತು ಸೆಕೆಂಡಿನಾಗ ಯಾವುದು ದೂರ ಹೋಗ್ತದೋ
ಅದಕ್ಕ ಮಕ್ಕಳು.
ಉಳಿದವಕ್ಕ ಏನಿಲ್ಲ.

ಏಪ್ರಿಲ್ ತಿಂಗಳು. ಶಾಬಜಾರಿನ ಓಣಿ ಬಿಕೋ ಅಂತದ.
ಕಂಪ್ಯೂಟರಿನ ಮಗ್ಗಲಿಗೆ ಕೂಲರ್, ಅದರಾಗ ನೀರಿಲ್ಲ.
ನನ್ನ ಪಾದದ ಕೆಳಗ ಶಹಾಬಾದ್ ಕಲ್ಲು,
ಪರದೆಯೊಳಗೂ ಅಂಥದೇ ಬೂದು ನೆಲ ಹಾಸೀನಿ.
ಘರ್ಷಣೆ ಎಷ್ಟಿರಲಿ ಅಂತ ಅದು ಕೇಳಿದಾಗ
ಹಿಮ್ಮಡಿ ಒಮ್ಮೆ ಕಲ್ಲಿಗೆ ತಿಕ್ಕಿ ನೋಡಿ
ಸೊನ್ನೆ ಬಿಂದು ಆರು ಅಂತ ಬರದೆ.

ಮೊದಲಿನ ಪೀಳಿಗಿ, ನೂರು ಜೀವ.
ಡಬ್ಬಿಗೆ ಡಬ್ಬಿ ಜೋಡಿಸಿದ ಮೈ, ಕೀಲಿದ್ದಲ್ಲೆಲ್ಲ ನಡುಕ.
ಒಂದು ಬೋರಲು ಬಿದ್ದದ್ದು ಎದ್ದೇ ಇಲ್ಲ.
ಎಂಬತ್ತರಷ್ಟು ಸುಮ್ಮನ ಅದುರಿ ಅದುರಿ ಸತ್ತವು.
ಸತ್ತವು ಅನ್ನೋದು ತಪ್ಪು.
ಅಳಿಸೀನಿ ಅನ್ನಬೇಕು.

ಇಪ್ಪತ್ತೇಳನೇದರಾಗ ಒಂದು ಶಾಣ್ಯಾ ಹುಟ್ಟಿತು:
ಕಾಲೇ ಇಲ್ಲ, ಮೊಬೈಲ್ ಟವರಿನಂಗ ನೆಟ್ಟಗ ಬೆಳೀತು,
ಬೆಳದು, ಮುಂದಕ್ಕ ದಬಕ್ಕನೆ ಬಿತ್ತು.
ಹನ್ನೊಂದು ಮೀಟರ್. ಅದೇ ಮೊದಲ ನಂಬರು.
ಒಬ್ಬಾಕಿನೇ ನಕ್ಕೆ. ಬಿದ್ದದ್ದೂ
ಲೆಕ್ಕಕ್ಕ ಬರ್ತದಂತ ನಾ ಎಲ್ಲಿ ತಿಳಿದಿದ್ದೆ?
ಎತ್ತರಕ್ಕ ಮಿತಿ ಹಾಕಿದೆ. ನಿಯಮ ಎರಡು ಸಾಲಾಯ್ತು.

ಆಮ್ಯಾಲ ಎರಡು ಕಪ್ ಚಹಾದಾಗ ಇನ್ನೂರು ಪೀಳಿಗಿ.
ತೆವಳಿದವು, ಕಪ್ಪಿಯಂಗ ಜಿಗಿದವು,
ನೆಲದ ಗಣಿತದಾಗ ಸಂದು ಹುಡುಕಿ
ಒಂದು ಕೆಳಗ ತೂರಿಕೊಂಡು ಹೋಯ್ತು,
ಇನ್ನೂ ಬೀಳ್ಲತ್ತಿರಬೇಕು.

ಮುನ್ನೂರಾ ಹದಿನೇಳರಾಗ ಬಂತು ಇದು.
ಮೂರು ಕಾಲು. ಒಂದು ಗಿಡ್ಡ, ಒಂದು ಮಡಚೂದಿಲ್ಲ.
ಮಡಚದ ಕಾಲು ಸುತ್ತು ಹಾಕಿಸಿ ಮುಂದಿಟ್ಟು
ಗಿಡ್ಡದರ ಮ್ಯಾಲ ಭಾರ ಬಿಟ್ಟು
ಸೊಂಟ ಜಗ್ಗಿ
ಟಕ್, ಸರ್ರ್, ಟಕ್, ಸರ್ರ್.

ಈ ನಡಿಗಿ ನಾ ಬಲ್ಲೆ.
ಸಾಲಿ ಬಿಡೋ ಹೊತ್ತಿಗೆ ಇದೇ ಸಪ್ಪಳ
ನಮ್ಮ ಓಣಿಯ ಕಲ್ಲಿನ ಮ್ಯಾಲ ಬರ್ತಿತ್ತು:
ಪಂಚರ್ ತಿದ್ದೋ ಲಾಡ್ಲೇಸಾಬ ಕಾಕಾ,
ಪೋಲಿಯೋದ ಕಾಲು, ಹೆಗಲಿಗೆ ಟ್ಯೂಬಿನ ಮಾಲಿ,
ಅಂಗಡಿಯಿಂದ ಮಸೂತಿ, ಮಸೂತಿಯಿಂದ ಮನಿ,
ಮೂವತ್ತು ವರ್ಷ.
ಹಿಂದ ಹಿಂದ ಹೋಗಿ ಅಣಗಸ್ತಿದ್ದೆವು ನಾವು ಹುಡುಗೂರು.
ನನಗ ಒಮ್ಮೆಯೂ ಸರಿ ಬರಲಿಲ್ಲ.
“ಅದಕ್ಕ ಅಭ್ಯಾಸ ಬೇಕವ್ವಾ” ಅಂದಿದ್ದರು,
ತಿರುಗಿ ಸುದ್ದಾ ನೋಡದೆ.

ಹತ್ತೊಂಬತ್ತು ಮೀಟರ್!
ಇದರ ಮಕ್ಕಳನ್ನ ನೋಡಬೇಕಂತ
ಗುಂಡಿ ಒತ್ತಿದ್ನೋ ಇಲ್ಲೋ, ಕರೆಂಟ್ ಹೋಯ್ತು.
ಇನ್ವರ್ಟರ್ ಇರೋದು ಅವ್ವನ ಫ್ಯಾನಿಗೆ.
ಉಳಿಸಿಟ್ಟದ್ದು ಮುನ್ನೂರರ ತನಕ ಮಾತ್ರ,
ಅಲ್ಲಿಂದ ಮತ್ತ ಬಿಟ್ಟರ
ಇದೇ ಬರ್ತದಂತ ಯಾರು ಹೇಳಬೇಕು?

ಕಪ್ಪು ಪರದೆಯಾಗ ನನ್ನ ಮಾರಿ.
ಎದ್ದು, ಚಪ್ಪಲಿ ಬಿಟ್ಟು, ಎಡಗಾಲು ಬಿಗಿ ಹಿಡಿದು,
ಗೋಡೆಯಿಂದ ಗೋಡೆಗೆ
ಒಂದು, ಎರಡು, ಮೂರು ಅಂತ ಎಣಿಸಿಕೊಂತ ಹೊಂಟೆ.

ನಾಕನೇ ಹೆಜ್ಜಿಗೆ ಬಿದ್ದೆ,
ಮುಂದಕ್ಕ.