ಲೈನ್ ಕ್ಲಿಯರ್

ಜಗಳೂರು ಸೆಕ್ಷನ್ನು, ಇಪ್ಪೆಗುಂಡಿ ಫೀಡರು.
ಬೆಳಗಿನ ಜಾವ ನಾಲ್ಕಕ್ಕೆ ಟ್ರಿಪ್ಪಾಯಿತೆಂದರೆ
ಗಾಳಿಯಲ್ಲ, ಮಳೆಯಲ್ಲ. ಮಾರ್ಚಿ ತಿಂಗಳು,
ಇಪ್ಪೆ ಹೂ ಬಿಟ್ಟಿದೆ ಅಂತಲೇ ಅರ್ಥ.

ಲೈನ್ ಕ್ಲಿಯರ್ ತಗೊಂಡು, ಅರ್ಥಿಂಗ್ ರಾಡು ಹಾಕಿ
ಹದಿನೇಳನೇ ಕಂಬ ಹತ್ತಿದೆ.
ನಡುವಿನ ತಂತಿಗೂ ಅಂಚಿನ ತಂತಿಗೂ
ಒಂದೊಂದು ತೋಳು ಕೊಟ್ಟು ತೂಗುತ್ತಿತ್ತು ಬಾವಲಿ,
ಒಣಗಲು ಹಾಕಿ ಮರೆತ ಕೊಡೆಯ ಹಾಗೆ.
ಎದೆಯಲ್ಲಿ ಏನೋ ಮಿಸುಕಿತು.

ಇಳಿಸಿ ನೆಲದಲ್ಲಿ ಹರವಿದೆ.
ನರಿಯ ಮುಖ, ತುಕ್ಕುಬಣ್ಣದ ಕೊರಳು.
ರೆಕ್ಕೆಯೆನ್ನುವುದು ರೆಕ್ಕೆಯೇ ಅಲ್ಲ:
ಹೆಬ್ಬೆರಳು ಹೊರಗೆ, ಉಗುರಿನ ಕೊಕ್ಕೆ,
ಮಿಕ್ಕ ನಾಲ್ಕು ಬೆರಳು ಉದ್ದೋ ಉದ್ದ,
ನಡುವೆ ಬಿಗಿದ ತೊಗಲು.
ಎಣಿಸಿದೆ. ಐದು.
ನನ್ನ ಬಲಗೈಯಲ್ಲಿ ಮೂರೇ;
ಎರಡನ್ನು ಇದೇ ಫೀಡರು ತಿಂದು ಒಂಬತ್ತು ವರ್ಷ.

ಓಬಕ್ಕ ಸೂಲಗಿತ್ತಿ. ಮರಿಯನ್ನು ಸೆರಗಲ್ಲಿ ಹಿಡಿದು
ತಾಯಿಯ ಕಂಕುಳು ತಡವಿ ಹೇಳಿದಳು:
“ಮೊಲೆ ಐತೆ. ಹಲ್ಲೈತೆ. ಒಂದು ಬಸುರಿಗೆ ಒಂದೇ ಕೂಸು.
ಹಕ್ಕಿ ಅಂದೋರ್ಯಾರೋ? ನಮ್ ಪೈಕೀದು ಇದು.”
ಬತ್ತಿ ಹೊಸೆದು ಮೇಕೆಹಾಲಲ್ಲಿ ಅದ್ದಿದಳು.

ಮೂರನೇ ದಿನ ದಾವಣಗೆರೆಯಿಂದ ಜಬೀನಾ ಬಂದಳು,
ಬಾವಲಿ ಓದುವ ಹುಡುಗಿ.
ಪುಸ್ತಕದಲ್ಲೂ ಇವಕ್ಕೆ ಕೈರೆಕ್ಕೆಯವು ಅಂತಲೇ ಹೆಸರಂತೆ.
ಸಂಜೆ ಗೋಡೆಸಂದಿಯಿಂದ ಹೊರಡುವ ಚಿಕ್ಕವು
ಕೂಗಿ, ಕೂಗಿನ ಮಾರ್ದನಿಯಲ್ಲಿ ದಾರಿ ನೋಡುತ್ತವಂತೆ;
ಈ ದೊಡ್ಡದಕ್ಕೆ ಆ ವಿದ್ಯೆಯಿಲ್ಲ, ಕಣ್ಣು ಮೂಗು ಅಷ್ಟೇ.
ಬೆಳದಿಂಗಳಲ್ಲಿ ಹೂ ಕಾಣುತ್ತದೆ,
ತಂತಿ ಕಾಣುವುದಿಲ್ಲ.
ಮೊನ್ನೆ ಮೊನ್ನೆಯವರೆಗೆ ಕಾನೂನಿನಲ್ಲಿ
ಇಲಿ, ಕಾಗೆಯ ಸಾಲಿಗೆ ಬರೆದಿದ್ದರಂತೆ,
ಯಾರು ಕೊಂದರೂ ಕೇಳುವಂತಿರಲಿಲ್ಲ.
ಈಗ ಆ ಪಟ್ಟಿಯೇ ಇಲ್ಲ ಅಂದಳು.
“ತಂತಿ ಪಟ್ಟಿ ಓದೈತಾ?” ಅಂದಳು ಓಬಕ್ಕ.

ಮರಿ, ಟಿಫಿನ್ ಡಬ್ಬಿಯಲ್ಲಿ, ನನ್ನ ಹಳೇ ಬನೀನು ಸುತ್ತಿಕೊಂಡು
ಮಧ್ಯಾಹ್ನದ ಬಸ್ಸು ಹತ್ತಿತು.
ಬದುಕಿತೋ ಇಲ್ಲವೋ. ಫೋನ್ ನಂಬರಿದೆ.
ಕೇಳಿಲ್ಲ.

ಸೆಕ್ಷನ್ ಆಫೀಸರಿಗೆ ಅರ್ಜಿ ಕೊಟ್ಟೆ:
ಹದಿನೇಳರಿಂದ ಇಪ್ಪತ್ಮೂರು, ಏಳು ಕಂಬ,
ಅಡ್ಡತೋಳು ಒಂದು ಮೊಳ ಉದ್ದ ಮಾಡಿಸಿ ಅಂತ.
“ಎಸ್ಟಿಮೇಟಿನಲ್ಲಿ ಬಾವಲಿಗೆ ಹೆಡ್ಡಿಲ್ಲ” ಅಂದರು.
ಪದೇ ಪದೇ ಟ್ರಿಪ್ಪಿಂಗ್, ಗ್ರಾಹಕರಿಗೆ ಅನಾನುಕೂಲ
ಎಂದು ತಿದ್ದಿ ಬರೆದೆ.
ನಾಲ್ಕು ಕಂಬಕ್ಕೆ ಮಂಜೂರಾಯಿತು.

ಕಂಬ ಬರುವ ಮುಂಚೆ
ಹೆರಿಗೆ ಕೋಣೆಯಲ್ಲಿ ಉರಿದದ್ದು ಇಪ್ಪೆ ಎಣ್ಣೆಯಂತೆ,
ಓಬಕ್ಕ ಹೇಳುತ್ತಾಳೆ; ಆ ತೋಪನ್ನು ಯಾರೂ ನೆಟ್ಟವರಿಲ್ಲ.
ಹೂವಿಂದ ಹೂವಿಗೆ ಮುಖದ ತುಂಬ ಪರಾಗ ಹೊತ್ತು,
ಹಣ್ಣು ತಿಂದು, ಬೀಜ ಉದುರಿಸಿ ಎಬ್ಬಿಸಿದ್ದು ಇವೇ.
ಹಾಗಾದರೆ ಈ ಊರಿನ ಮೊದಲ ಲೈನ್‌ಮನ್ನುಗಳು
ಮಸ್ಟರಿನಲ್ಲಿ ಹೆಸರಿಲ್ಲದೆ
ಹಗಲು ತಲೆಕೆಳಗಾಗಿ ಮಲಗಿ
ರಾತ್ರಿಪಾಳಿ ಮಾಡಿದವರು.

ನಿನ್ನೆ ಮುಸ್ಸಂಜೆ ಇಪ್ಪತ್ತೊಂದನೇ ಕಂಬದ ಕೆಳಗೆ ನಿಂತಿದ್ದೆ,
ಎಡಗೈಯಲ್ಲಿ ಆರಿಸಿದ ಟಾರ್ಚು, ಬಲಗೈಯಲ್ಲಿ ಎಣಿಕೆ.
ಆಲದ ಕಡೆಯಿಂದ ಹೊರಟವು, ಸದ್ದಿಲ್ಲದೆ, ಒಂದರ ಹಿಂದೊಂದು.
ಒಂದು ದಾಟಿತು. ಎರಡು. ಮೂರು.
ನನ್ನ ಬೆರಳು ಮುಗಿದವು.
ಮತ್ತೆ ಮೊದಲಿಂದ.